ಬರ್ಸೀಮ್ ಮೇವು ಮತ್ತು ಚೆನ್ನೈನ ಹವಾಗುಣ

ಚೆನ್ನೈ ನಗರದ ಸಮೀಪದಲ್ಲಿ, ತಿರುವಳ್ಳೂರು ಜಿಲ್ಲೆಗೆ ಸೇರಿದ ಆಲಮಾದಿ ಎಂಬ ಊರಿದೆ. ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯ ಎರಡು ಸಂಸ್ಥೆಗಳಿಗೆ ಈ ಊರು ನೆಲೆಯಾಗಿದೆ. ಒಂದು, ಮುರ್ರಾ ಎಮ್ಮೆಗಳನ್ನು ಸಾಕಿ, ತಳಿ ಅಭಿವೃದ್ಧಿಗೆ ಬೇಕಾದ ಉತ್ತಮ ಕೋಣಗಳನ್ನು ಒದಗಿಸುವ ಉದ್ದೇಶದಿಂದ ಸ್ಥಾಪಿತವಾದ ಕೇಂದ್ರೀಯ ಜಾನುವಾರು ತಳಿ ಸಂವರ್ಧನಾ ಕ್ಷೇತ್ರ. ಇನ್ನೊಂದು, ಮೇವಿನ ಬೆಳೆಗಳ ಬೀಜೋತ್ಪಾದನೆ ಮತ್ತು ಪ್ರಾತ್ಯಕ್ಷಿಕೆಗಳಿಗಾಗಿ ಏರ್ಪಟ್ಟ ಪ್ರಾದೇಶಿಕ ಮೇವು ಕೇಂದ್ರ. ಮುರ್ರಾ ಎಮ್ಮೆಯ ತವರು ಹರಿಯಾಣದ ರೋಹ್ತಕ್, ಹಿಸಾರ್, ಜೀಂದ್ ಜಿಲ್ಲೆಗಳು. ಆ ಸೀಮೆಯಲ್ಲಿ ಚಳಿಗಾಲದುದ್ದಕ್ಕೂ ಎಮ್ಮೆಯ ಗೋದಲಿಗೆ ಬೀಳುವ ಹಸಿರು ಮೇವೆಂದರೆ ಬರ್ಸೀಮ್. ಎಮ್ಮೆಯು ದಕ್ಷಿಣಕ್ಕೆ ಬಂದು ಇಲ್ಲಿನ ಬಿಸಿಲಿಗೆ, ತೇವಕ್ಕೆ ಹೊಂದಿಕೊಂಡಿತು. ಆದರೆ ಅದರ ತವರಿನ ಮೇವು ಅದರೊಡನೆ ಬರಲಾಗಲಿಲ್ಲ.

ಇದಕ್ಕೆ ಕಾರಣವೇನು, ಆ ಮೇವಿನ ಸ್ಥಾನವನ್ನು ಇಲ್ಲಿ ಯಾವ ಸಸ್ಯ ತುಂಬಬಲ್ಲದು ಎಂಬುದು ಕೇವಲ ಸಸ್ಯಶಾಸ್ತ್ರದ ಕುತೂಹಲವಲ್ಲ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಪಶುವಿನ ಆಹಾರಕ್ಕೇ ಸಲ್ಲುತ್ತದೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇದ್ದವು. ಆದರೆ ಸಾಗುವಳಿ ಭೂಮಿಯಲ್ಲಿ ಮೇವಿನ ಬೆಳೆಗಳಿಗೆ ದೊರೆಯುತ್ತಿರುವ ಪಾಲು ಹಲವು ದಶಕಗಳಿಂದ ಶೇಕಡ 4ರ ಆಸುಪಾಸಿನಲ್ಲೇ ನಿಂತಿದೆ. ಹಸಿರು ಮೇವು ಸಾಲದಾದಾಗ ಹಿಂಡಿ, ಬೂಸಾಗಳನ್ನು ಕೊಂಡು ತರಬೇಕಾಗುತ್ತದೆ. ಒಂದೆರಡು ಎಮ್ಮೆಗಳನ್ನು ಕಟ್ಟಿಕೊಂಡ ಕುಟುಂಬದ ಕೈಗೆ ತಿಂಗಳ ಕೊನೆಯಲ್ಲಿ ಏನಾದರೂ ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಖರೀದಿಯನ್ನೇ ಅವಲಂಬಿಸಿದೆ.

ಸಸ್ಯ ಪರಿಚಯ

ಬರ್ಸೀಮ್ ಕ್ಲೋವರ್ ಜಾತಿಗೆ ಸೇರಿದ, ಒಂದು ಹಂಗಾಮಿನ ದ್ವಿದಳ ಸಸ್ಯ. ಅದರ ಶಾಸ್ತ್ರೀಯ ನಾಮ ಟ್ರೈಫೋಲಿಯಂ ಅಲೆಕ್ಸಾಂಡ್ರಿನಂ. ಟ್ರೈಫೋಲಿಯಂ ಎಂದರೆ ಮೂರೆಲೆಯದು. ಅಲೆಕ್ಸಾಂಡ್ರಿನಂ ಎಂಬುದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರವನ್ನು ಸೂಚಿಸುತ್ತದೆ. ಇದನ್ನು ಕಾಣದ ಕನ್ನಡಿಗರು ಮೆಂತ್ಯದ ಸೊಪ್ಪನ್ನು ನೆನೆದರೆ ಸಾಕು. ಒಂದು ತೊಟ್ಟಿಗೆ ಮೂರು ಎಲೆಗಳು, ಮೃದುವಾದ ಟೊಳ್ಳು ಕಾಂಡ, ಮೊಣಕಾಲೆತ್ತರದ ದಟ್ಟ ಹಸಿರು, ತುದಿಯಲ್ಲಿ ಹಳದಿ ಛಾಯೆಯ ಬಿಳಿಯ ಹೂಗೊಂಚಲು. ಹೋಲಿಕೆ ಆಕಸ್ಮಿಕವೂ ಅಲ್ಲ. ಕ್ಲೋವರ್, ಮೆಂತ್ಯ, ಕುದುರೆ ಮಸಾಲೆ ಇವು ಮೂರೂ ಒಂದೇ ಗುಂಪಿನ ಹತ್ತಿರದ ಬಂಧುಗಳು. ಮೆಂತ್ಯದ ಲ್ಯಾಟಿನ್ ಹೆಸರಿನಲ್ಲಿ ‘ಗ್ರೀಕರ ಒಣಹುಲ್ಲು’ ಎಂಬ ಅರ್ಥ ಅಡಗಿದೆ. ನಮ್ಮ ಅಡುಗೆಮನೆಯ ಈ ಸಾಂಬಾರ ಪದಾರ್ಥ ಒಂದು ಕಾಲಕ್ಕೆ ದನದ ಮೇವೂ ಆಗಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ.

ನೈಲ್ ನದಿಯ ಬಯಲಿನಲ್ಲಿ ಬರ್ಸೀಮನ್ನು ಬಹುಕಾಲದಿಂದ ಬೆಳೆಯಲಾಗುತ್ತಿದೆ. ಹತ್ತಿಗೆ ಮುಂಚೆ ಇದನ್ನು ಬೆಳೆದರೆ ದನಕ್ಕೆ ಮೇವೂ ಆಯಿತು, ನೆಲಕ್ಕೆ ಗೊಬ್ಬರವೂ ಆಯಿತು ಎಂಬುದು ಅಲ್ಲಿನ ಬೇಸಾಯಗಾರರ ಲೆಕ್ಕಾಚಾರ. 1904ರಲ್ಲಿ ಇದು ಈಜಿಪ್ಟಿನಿಂದ ಆಗಿನ ಅವಿಭಜಿತ ಭಾರತದ ಸಿಂಧ್ ಪ್ರಾಂತಕ್ಕೆ ಬಂದಿತು. ಕಾಲುವೆ ನೀರಾವರಿ, ಒಣ ಹವೆ, ಚಳಿಗಾಲದ ತಂಪು ಈ ಮೂರೂ ಅಲ್ಲಿ ಒಟ್ಟಿಗೆ ದೊರೆತುದರಿಂದ ಬೆಳೆ ಬೇರೂರಿತು. ಮುಂದೆ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶಗಳಲ್ಲಿ ಇದು ಎಷ್ಟು ವ್ಯಾಪಕವಾಯಿತೆಂದರೆ, ಹೊರದೇಶದ ಬೆಳೆಯೆಂಬುದನ್ನೇ ಜನ ಮರೆತುಬಿಟ್ಟರು. ಅಲ್ಲಿ ಇದಕ್ಕೆ ‘ಮೇವುಗಳ ರಾಜ’ ಎಂಬ ಬಿರುದೂ ಉಂಟು.

ಈ ಬಿರುದು ಪೊಳ್ಳಲ್ಲ. ಹಸಿ ಬರ್ಸೀಮಿನ ತೂಕದಲ್ಲಿ ಶೇಕಡ 85ರಿಂದ 90ರವರೆಗೆ ನೀರೇ ಇರುತ್ತದೆ. ಆದರೆ ಉಳಿಯುವ ಒಣ ಅಂಶದಲ್ಲಿ ಶೇಕಡ 17ರಿಂದ 22ರಷ್ಟು ಸಸಾರಜನಕ, ಅಂದರೆ ಪ್ರೋಟೀನು, ದೊರೆಯುತ್ತದೆ. ಹತ್ತು ಕಿಲೋಗ್ರಾಂ ಹಸಿ ಮೇವಿನಲ್ಲಿ ಒಣ ಅಂಶ ಸುಮಾರು ಒಂದೂಕಾಲು ಕಿಲೋಗ್ರಾಂ. ಅದರಲ್ಲಿ ಪ್ರೋಟೀನು ಇನ್ನೂರು ಗ್ರಾಂಗೂ ಮೇಲೆ. ಪೇಟೆಯಲ್ಲಿ ಸಿಗುವ ಒಂದು ಕಿಲೋಗ್ರಾಂ ಪಶು ಆಹಾರದಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ. ಎಂದರೆ, ಹೊಲದಿಂದ ಹತ್ತು ಕಿಲೋಗ್ರಾಂ ಬರ್ಸೀಮ್ ಕೊಯ್ದು ತಂದವನು ಪ್ರೋಟೀನಿನ ಮಟ್ಟಿಗೆ ಅಂಗಡಿಯ ಒಂದು ಕಿಲೋಗ್ರಾಂ ಪಶು ಆಹಾರವನ್ನು ಉಳಿಸಿದಂತೆ. ಇದರ ಜೊತೆಗೆ ಸುಣ್ಣದ ಅಂಶ ಹಾಗೂ ‘ಎ’ ಜೀವಸತ್ವಕ್ಕೆ ಮೂಲವಾದ ಕ್ಯಾರೊಟಿನ್ ಸಹ ಇದರಲ್ಲಿ ಹೇರಳವಾಗಿವೆ. ಭತ್ತದ ಹುಲ್ಲನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇಕಡ 3-4ನ್ನು ಮೀರುವುದು ಕಷ್ಟ. ಚೆನ್ನೈ ಸುತ್ತಮುತ್ತಲ ದನಗಳಿಗೆ ಮುಖ್ಯ ಒಣ ಮೇವು ಈ ಭತ್ತದ ಹುಲ್ಲೇ. ಹೊಟ್ಟೆ ತುಂಬಿದರೂ ದೇಹಕ್ಕೆ ಬೇಕಾದುದು ಸಿಗದ ಸ್ಥಿತಿ ಇದು.

ಬೇರುಗಂಟುಗಳ ಕೆಲಸ

ಬರ್ಸೀಮಿನ ಪ್ರೋಟೀನಿನ ಮೂಲವನ್ನು ಅದರ ಬೇರಿನಲ್ಲಿ ಹುಡುಕಬೇಕು. ಗಿಡವೊಂದನ್ನು ಮಣ್ಣುಸಹಿತ ಮೆಲ್ಲನೆ ಕಿತ್ತು ನೀರಿನಲ್ಲಿ ಅದ್ದಿ ತೊಳೆದರೆ ಬೇರಿಗೆ ಅಂಟಿಕೊಂಡ ಚಿಕ್ಕ ಚಿಕ್ಕ ಗಂಟುಗಳು ಕಾಣುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೆಂದು ತಿಳಿಯಬಹುದು. ರೈಜೋಬಿಯಂ ಎಂಬ ಅಣುಜೀವಿಗಳು ಅಲ್ಲಿ ನೆಲೆಸಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆಯ ಅಂಶವನ್ನು ಒದಗಿಸುತ್ತದೆ. ಹೀಗಾಗಿ ಬರ್ಸೀಮಿಗೆ ಆರಂಭದಲ್ಲಿ ಅಲ್ಪ ಪ್ರಮಾಣದ ಸಾರಜನಕ ಗೊಬ್ಬರ ಸಾಕು. ರಂಜಕದ ಗೊಬ್ಬರವನ್ನು ಮಾತ್ರ ಧಾರಾಳವಾಗಿ ಕೊಡಬೇಕಾಗುತ್ತದೆ. ಬೆಳೆ ಮುಗಿದ ಮೇಲೆ ನೆಲದಲ್ಲಿ ಉಳಿಯುವ ಬೇರು, ಎಲೆಗಳ ಸಾರಜನಕ ಮುಂದಿನ ಬೆಳೆಗೆ ದಕ್ಕುತ್ತದೆ.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಎಲ್ಲ ದ್ವಿದಳ ಸಸ್ಯಗಳಿಗೂ ಒಂದೇ ಬಗೆಯ ಅಣುಜೀವಿ ಸರಿಹೋಗದು. ಅಲಸಂದೆಯ ಬೇರಿನಲ್ಲಿ ಗಂಟು ಕಟ್ಟುವ ಜೀವಿ ಬರ್ಸೀಮಿನಲ್ಲಿ ಕಟ್ಟುವುದಿಲ್ಲ. ಎಂದೂ ಕ್ಲೋವರ್ ಬೆಳೆಯದ ಹೊಲದಲ್ಲಿ ಅದಕ್ಕೆ ತಕ್ಕ ಅಣುಜೀವಿ ಇಲ್ಲದಿರಬಹುದು. ಆದುದರಿಂದ ಬಿತ್ತುವ ಮುನ್ನ ಬೆಲ್ಲದ ನೀರಿನಲ್ಲಿ ಕಲಸಿದ ಅಣುಜೀವಿ ಗೊಬ್ಬರವನ್ನು ಬೀಜಕ್ಕೆ ಲೇಪಿಸಿ ನೆರಳಿನಲ್ಲಿ ಒಣಗಿಸುವುದು ಅವಶ್ಯ. ಉತ್ತರದ ರೈತರಲ್ಲಿ ಕೆಲವರು ಇದಕ್ಕೆ ಬದಲಾಗಿ, ಹಿಂದಿನ ವರ್ಷ ಬರ್ಸೀಮ್ ಬೆಳೆದ ಹೊಲದ ಮಣ್ಣನ್ನು ತಂದು ಹೊಸ ಹೊಲಕ್ಕೆ ಎರಚುತ್ತಾರೆ.

ಬೇಸಾಯ ಕ್ರಮ

ಉತ್ತರ ಭಾರತದಲ್ಲಿ ಬರ್ಸೀಮನ್ನು ಅಕ್ಟೋಬರ್ ಮೊದಲ ಭಾಗದಲ್ಲಿ, ಹಗಲು ರಾತ್ರಿಗಳ ಸರಾಸರಿ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಬಿತ್ತುತ್ತಾರೆ. ಹೆಕ್ಟೇರಿಗೆ 20ರಿಂದ 25 ಕಿಲೋಗ್ರಾಂ, ಎಂದರೆ ಎಕರೆಗೆ ಎಂಟು ಹತ್ತು ಕಿಲೋಗ್ರಾಂ ಬೀಜ ಬೇಕು. ಬೀಜ ಬಹಳ ಸಣ್ಣದು. ಸಾವಿರ ಬೀಜಗಳ ತೂಕ ಮೂರು ಗ್ರಾಂ ಮಾತ್ರ. ಆದ್ದರಿಂದ ಮಡಿಗಳನ್ನು ಸಮತಟ್ಟು ಮಾಡಿ, ನೀರು ನಿಲ್ಲಿಸಿ, ಭತ್ತದ ಗದ್ದೆಯಂತೆ ಕದಡಿ, ನಿಂತ ನೀರಿನ ಮೇಲೆಯೇ ಬೀಜವನ್ನು ಎರಚುವ ಪದ್ಧತಿ ಬಳಕೆಯಲ್ಲಿದೆ. ಮೊದಲ ಕೊಯ್ಲು ಐವತ್ತು ದಿನಗಳ ಸುಮಾರಿಗೆ. ಬಳಿಕ ಪ್ರತಿ 25-30 ದಿನಗಳಿಗೊಮ್ಮೆ, ಬುಡದಿಂದ ನಾಲ್ಕೈದು ಬೆರಳಷ್ಟು ಬಿಟ್ಟು ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ಏಪ್ರಿಲ್‌ವರೆಗೆ ನಾಲ್ಕರಿಂದ ಆರು ಕೊಯ್ಲುಗಳಲ್ಲಿ ಹೆಕ್ಟೇರಿಗೆ 60ರಿಂದ 100 ಟನ್‌ಗಳವರೆಗೆ ಹಸಿ ಮೇವು ಬರುತ್ತದೆ. ಮೊದಲ ಕೊಯ್ಲಿನ ಇಳುವರಿ ಕಡಿಮೆಯಾದುದರಿಂದ ಒಂದಿಷ್ಟು ಸಾಸಿವೆಯನ್ನೂ ಜೊತೆಗೆ ಬಿತ್ತುವುದುಂಟು.

ಬೀಜದೊಡನೆ ಬರುವ ಕಳೆಯ ಕಥೆ ಸ್ವಾರಸ್ಯವಾಗಿದೆ. ಬರ್ಸೀಮ್ ಬೀಜದಲ್ಲಿ ಬೆರೆತು ಬರುವ ದೊಡ್ಡ ಕಳೆ ‘ಕಾಸನಿ’, ಇದು ಚಿಕೋರಿಯೇ. ಚೆನ್ನೈನ ಕಾಫಿಪ್ರಿಯರು ಯಾವುದರ ಬೇರಿನ ಪುಡಿಯನ್ನು ಬೆರೆಸಿ ಡಿಕಾಕ್ಷನ್ ಇಳಿಸುತ್ತಾರೋ ಅದೇ ಸಸ್ಯಜಾತಿ. ಕಾಫಿಯಲ್ಲಿ ಬೇಕಾದದ್ದು ಮೇವಿನ ಹೊಲದಲ್ಲಿ ಬೇಡವಾದದ್ದು. ಬೀಜವನ್ನು ಉಪ್ಪುನೀರಿಗೆ ಸುರಿದರೆ ಹಗುರವಾದ ಚಿಕೋರಿ ಬೀಜ ತೇಲುತ್ತದೆ, ಬರ್ಸೀಮ್ ಮುಳುಗುತ್ತದೆ. ತೇಲಿದ್ದನ್ನು ತೆಗೆದು, ಉಳಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆದು ಬಿತ್ತಬೇಕು.

ಚೆನ್ನೈನಲ್ಲಿ ಏಕೆ ಒಗ್ಗದು?

ಕರಾವಳಿಯ ಉಪ್ಪುಮಣ್ಣು ಇದಕ್ಕೆ ಕಾರಣವೆಂದು ಯಾರಾದರೂ ಊಹಿಸಬಹುದು. ವಾಸ್ತವದಲ್ಲಿ ಬರ್ಸೀಮ್ ಸಾಧಾರಣ ಪ್ರಮಾಣದ ಉಪ್ಪನ್ನೂ ಕ್ಷಾರವನ್ನೂ ಸಹಿಸಬಲ್ಲದು. ಅಂಥ ನೆಲಗಳ ಸುಧಾರಣೆಗೇ ಇದನ್ನು ಬೆಳೆಯುವುದುಂಟು. ಅಡ್ಡಿಯಿರುವುದು ಹವೆಯಲ್ಲಿ. ಈ ಬೆಳೆ ಹುಲುಸಾಗಿ ಬೆಳೆಯಲು 15ರಿಂದ 25 ಡಿಗ್ರಿಯ ತಂಪು ಹಲವು ತಿಂಗಳ ಕಾಲ ಒಂದೇ ಸಮನೆ ಇರಬೇಕು. ಜನವರಿಯಲ್ಲಿ ಹಿಸಾರ್‌ನ ರಾತ್ರಿಯ ಉಷ್ಣತೆ ಸರಾಸರಿ ಆರು ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಅದೇ ತಿಂಗಳಲ್ಲಿ, ಅದೂ ವರ್ಷದ ಅತ್ಯಂತ ತಂಪಾದ ದಿನಗಳಲ್ಲಿ, ಚೆನ್ನೈನ ರಾತ್ರಿ 21 ಡಿಗ್ರಿ, ಹಗಲು 29-30 ಡಿಗ್ರಿ. ಉತ್ತರದವರು ಬೇಸಿಗೆಯ ಬಾಗಿಲೆಂದು ಕರೆಯುವ ಉಷ್ಣತೆ ಚೆನ್ನೈನವರಿಗೆ ಚಳಿಗಾಲ.

ಮಳೆಯದು ಇನ್ನೊಂದು ತೊಡಕು. ಬರ್ಸೀಮ್ ಬಿತ್ತಿ ಬೇರೂರಿಸಬೇಕಾದ ಅಕ್ಟೋಬರ್, ನವೆಂಬರ್ ತಿಂಗಳುಗಳು ಚೆನ್ನೈನಲ್ಲಿ ಈಶಾನ್ಯ ಮಾರುತದ ಕಾಲ. ವರ್ಷದ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳುಗಳಲ್ಲೇ ಸುರಿಯುತ್ತದೆ. 2015ರ ನವೆಂಬರ್-ಡಿಸೆಂಬರ್‌ನ ಮಹಾಪೂರ, 2016ರ ಡಿಸೆಂಬರ್‌ನ ವರ್ದಾ ಚಂಡಮಾರುತ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ಇವೆಲ್ಲವೂ ಇದೇ ಅವಧಿಯಲ್ಲಿ ಬಂದವು. ಮೂರು ಗ್ರಾಂಗೆ ಸಾವಿರವಾಗುವ ಬೀಜ ಇಂಥ ಮಳೆಯಲ್ಲಿ ಕೊಚ್ಚಿಹೋಗುವುದು ಸಹಜ. ಮಳೆ ತಗ್ಗಿದ ಮೇಲೆ ಬಿತ್ತಿದರೆ ಮೊಳೆಯುವುದಿಲ್ಲವೆಂದಲ್ಲ. ಆದರೆ ಗಿಡ ಚೇತರಿಸಿಕೊಳ್ಳುವ ವೇಳೆಗೆ ಮಾರ್ಚ್ ತಿಂಗಳ ಬಿಸಿಲು ಬಂದುಬಿಡುತ್ತದೆ. ಐದಾರು ಕೊಯ್ಲು ಕೊಡಬೇಕಾದ ಬೆಳೆ ಒಂದೆರಡಕ್ಕೇ ಸೋತರೆ ಬೀಜದ ಹಣವೂ ಹುಟ್ಟದು. ಅಧಿಕ ಹಾಲಿನ ಎಮ್ಮೆಯನ್ನು ಕೊಂಡವರಿಗೆ ಅದರ ಜೊತೆಗೇ ‘ಹಾಲು ಹೆಚ್ಚಿಸುವ’ ಉತ್ತರದ ಮೇವಿನ ಬೀಜವನ್ನೂ ಕೊಳ್ಳುವ ಆಸೆ ಹುಟ್ಟುವುದು ಸ್ವಾಭಾವಿಕ. ಪೊಟ್ಟಣದ ಮೇಲಿನ ಇಳುವರಿಯ ಅಂಕಿ ಎಲ್ಲಿಯ ನೆಲಕ್ಕೆ, ಯಾವ ಹಂಗಾಮಿಗೆ ಸಂಬಂಧಿಸಿದ್ದೆಂದು ವಿಚಾರಿಸದೆ ಹಾಗೆ ಕೊಳ್ಳುವುದು ಉಚಿತವಲ್ಲ.

ತಮಿಳುನಾಡಿನಲ್ಲಿ ಕ್ಲೋವರ್ ಎಲ್ಲಿಯೂ ಇಲ್ಲವೆಂದು ಇದರ ಅರ್ಥವಲ್ಲ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ನೀಲಗಿರಿಯ ಉದಕಮಂಡಲದ ಸುತ್ತ ಇದೇ ಕುಲದ ಇನ್ನೊಂದು ಜಾತಿ, ಬಿಳಿ ಕ್ಲೋವರ್, ಹುಲ್ಲಿನ ನಡುವೆ ಬೆಳೆಯುತ್ತದೆ. ಇದು ಬಹುವಾರ್ಷಿಕ, ನೆಲಕ್ಕೆ ಹಬ್ಬಿ, ಗೆಣ್ಣುಗಳಲ್ಲಿ ಬೇರು ಬಿಟ್ಟು, ದನಕುರಿಗಳ ತುಳಿತವನ್ನು ತಾಳಿಕೊಳ್ಳುತ್ತದೆ. ಚೆನ್ನೈ ಮತ್ತು ಉದಕಮಂಡಲ ಒಂದೇ ರಾಜ್ಯದಲ್ಲಿದ್ದರೂ ಕ್ಲೋವರಿನ ದೃಷ್ಟಿಯಲ್ಲಿ ಅವು ಬೇರೆ ಬೇರೆ ಖಂಡಗಳು.

ಬದಲಿ ಬೆಳೆಗಳು

ಹಾಗಾದರೆ ಚೆನ್ನೈ ಸುತ್ತಲಿನ ಹಾಲು ಉತ್ಪಾದಕರು ಮಾಡಬೇಕಾದುದೇನು? ಬರ್ಸೀಮ್ ಎಂಬ ಹೆಸರನ್ನು ಬಿಟ್ಟು ಅದು ಮಾಡುವ ಕೆಲಸವನ್ನು ನೋಡಿದರೆ ದಾರಿ ಕಾಣುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಪ್ರೋಟೀನಾಗಿಸಿ, ಪದೇ ಪದೇ ಕೊಯ್ದರೂ ಚಿಗುರುವ ದ್ವಿದಳ ಸಸ್ಯ ಬೇಕು, ಅಷ್ಟೆ.

ಅಂಥವುಗಳಲ್ಲಿ ಮೊದಲು ನೆನಪಾಗುವುದು ಕುದುರೆ ಮಸಾಲೆ. ಕರ್ನಾಟಕದ ನೀರಾವರಿ ಪ್ರದೇಶಗಳಲ್ಲಿ ಇದು ಪರಿಚಿತ ಮೇವು. ತಮಿಳಿನಲ್ಲಿಯೂ ಇದರ ಹೆಸರು ‘ಕುದಿರೈ ಮಸಾಲ್’. ಕುದುರೆಗಳ ಮೇವಾಗಿ ಪ್ರಸಿದ್ಧವಾದ ಕಾರಣ ಎರಡು ಭಾಷೆಗಳಲ್ಲೂ ಹೆಸರಿಗೆ ಕುದುರೆ ಅಂಟಿಕೊಂಡಿದೆ. ಪೋಷಕಾಂಶಗಳಲ್ಲಿ ಇದು ಬರ್ಸೀಮಿಗೆ ಸರಿಸಮಾನ. ಅದಕ್ಕಿಂತ ಹೆಚ್ಚು ಬಿಸಿಲನ್ನು ತಾಳುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ, ಒಮ್ಮೆ ಬಿತ್ತಿದರೆ ಎರಡು ಮೂರು ವರ್ಷ ಉಳಿಯುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ‘ಕೋ-1’ ಎಂಬ ತಳಿಯನ್ನು ನೀಡಿದೆ. ಆದರೆ ನೀರು ನಿಲ್ಲುವ ಜಾಗವನ್ನು ಇದು ಸಹಿಸದು. ಕೊಯಮತ್ತೂರಿನ ಒಣ ಹವೆಯಲ್ಲಿ ಇದು ತೋರುವ ಹುರುಪನ್ನು ಚೆನ್ನೈನ ತೇವದಲ್ಲಿ ನಿರೀಕ್ಷಿಸುವಂತಿಲ್ಲ. ನೀರು ಬಸಿದುಹೋಗುವ ಎತ್ತರದ ನೆಲವಿದ್ದವರು ಮಳೆ ತಗ್ಗಿದ ಮೇಲೆ ಬಿತ್ತಿ ನೋಡಬಹುದು.

ಈ ಬಯಲಿಗೆ ನಿಜವಾಗಿ ಒಗ್ಗುವುದು ‘ವೇಲಿಮಸಾಲ್’. ತಮಿಳಿನ ವೇಲಿ ಎಂದರೆ ನಮ್ಮ ಬೇಲಿಯೇ. ಬೇಲಿ ಮಸಾಲೆ ಎಂದು ಕರೆದರೆ ಅರ್ಥ ಸ್ಪಷ್ಟವಾಗುತ್ತದೆ. ಹೆಸರಿನಲ್ಲಿ ಮಸಾಲೆಯಿದ್ದರೂ ಇದು ಕುದುರೆ ಮಸಾಲೆಯ ನೆಂಟನಲ್ಲ. ಅಮೆರಿಕದ ಉಷ್ಣವಲಯದಿಂದ ಬಂದ, ನಾಚಿಕೆಮುಳ್ಳಿನಂತೆ ಸಣ್ಣ ಸಣ್ಣ ಎಲೆಗಳುಳ್ಳ ಪೊದೆ. ಹುಟ್ಟಿನಿಂದಲೇ ಬಿಸಿಲು ಬಲ್ಲ ಸಸ್ಯವಾದುದರಿಂದ ವರ್ಷವಿಡೀ ಹಸಿರಾಗಿರುತ್ತದೆ. ಬೀಜದ ಸಿಪ್ಪೆ ಗಡುಸು. ಸುಮಾರು 80 ಡಿಗ್ರಿಯ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ಬಳಿಕ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ ಮೇಲೆ ಬಿತ್ತಬೇಕು. ಹಾಗೆ ಮಾಡದೆ ನೇರವಾಗಿ ಬಿತ್ತಿ, ಬೀಜ ಕಳಪೆಯೆಂದು ದೂರುವವರು ಅನೇಕರು. ಮೊದಲ ಕೊಯ್ಲಿಗೆ ಮೂರು ತಿಂಗಳು ಕಾಯಬೇಕು. ಅನಂತರ ಸುಮಾರು ನಲವತ್ತು ದಿನಗಳಿಗೊಮ್ಮೆ ಕೊಯ್ಯಬಹುದು. ಸೂಬಾಬುಲ್ ಎಲೆಯಲ್ಲಿರುವ ಮಿಮೋಸಿನ್ ಎಂಬ ವಿಷಾಂಶ ಇದರಲ್ಲಿಲ್ಲ. ಹೊಟ್ಟೆ ಉಬ್ಬರವನ್ನೂ ಇದು ತರುವುದಿಲ್ಲ.

ಇದನ್ನು ಒಂದೇ ಬೆಳೆಯಾಗಿ ಬೆಳೆಯುವುದಕ್ಕಿಂತ ಹೈಬ್ರಿಡ್ ನೇಪಿಯರ್ ಹುಲ್ಲಿನೊಡನೆ, ಮೂರು ಸಾಲು ಹುಲ್ಲಿಗೆ ಒಂದು ಸಾಲಿನಂತೆ ಬೆಳೆಯುವುದು ಲಾಭಕರ. ನೇಪಿಯರ್ ರಾಶಿ ರಾಶಿಯಾಗಿ ಬೆಳೆಯುತ್ತದೆ, ಆದರೆ ಪ್ರೋಟೀನು ಶೇಕಡ 8-10 ಮಾತ್ರ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದ ಅಂಶವನ್ನು ಕಟ್ಟಿಹಾಕಿ ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಸುಣ್ಣದ ಅಂಶ ಹೆಚ್ಚಿರುವ ದ್ವಿದಳ ಮೇವು ಜೊತೆಗಿದ್ದರೆ ಈ ಎರಡು ಕೊರತೆಗಳೂ ನೀಗುತ್ತವೆ. ಭೂಮಿ ತೀರ ಕಡಿಮೆಯಿದ್ದವರಿಗೆ ಬದುವಿನ ಮೇಲಿನ ಅಗಸೆ ಮರವೂ ನೆರವಾಗುತ್ತದೆ. ಭತ್ತದ ಕೊಯ್ಲಿನ ನಂತರ ಎರಡು ತಿಂಗಳು ನೆಲ ಖಾಲಿಯಿದ್ದರೆ ಮೇವಿನ ಅಲಸಂದೆಯನ್ನು ಬೆಳೆಯಬಹುದು.

ತಿರುವಲ್ಲಿಕ್ಕೇಣಿ, ಮೈಲಾಪುರಗಳಂಥ ಹಳೆಯ ಬಡಾವಣೆಗಳಲ್ಲಿ ಹಸು ಸಾಕುವವರಿಗೆ ಮಾತ್ರ ಈ ಯಾವ ಬೆಳೆಯೂ ನೇರವಾಗಿ ನೆರವಾಗದು. ಅವರಿಗೆ ಅಂಗೈಯಗಲ ನೆಲವೂ ಇಲ್ಲ. ಕಂತೆಯ ಲೆಕ್ಕದಲ್ಲಿ ಹುಲ್ಲು ಕೊಳ್ಳುತ್ತಾರೆ. ಸಾಲದಾದಾಗ ಹಸುಗಳು ಬೀದಿಗಿಳಿದು ಕಸದ ತೊಟ್ಟಿಗೆ ಬಾಯಿಹಾಕುತ್ತವೆ. ಕೊಳಚೆ ನೀರಿನಲ್ಲಿ ಬೆಳೆದ ಹುಲ್ಲು ಅಗ್ಗವಾಗಿ ಸಿಕ್ಕರೂ, ಆ ನೀರಿನಲ್ಲಿ ಕಾರ್ಖಾನೆಗಳ ಲೋಹಾಂಶ ಬೆರೆತಿದ್ದರೆ ಅದು ಹಾಲಿಗೂ ಇಳಿಯಬಹುದು. ನಗರದಂಚಿನ ಹಳ್ಳಿಗಳಲ್ಲಿ ಬೇಲಿ ಮಸಾಲೆಯನ್ನು ಮಾರಾಟಕ್ಕಾಗಿ ಬೆಳೆಯುವವರಿದ್ದರೆ ಇವರಿಗೂ ಒಳ್ಳೆಯದು, ಬೆಳೆಯುವವರಿಗೂ ಆದಾಯ.

ಕರ್ನಾಟಕದ ಸ್ಥಿತಿ ನಡುವಣದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15-16 ಡಿಗ್ರಿಗೆ ಇಳಿಯುತ್ತದೆ. ಚೆನ್ನೈಗಿಂತ ತಂಪು, ಹಿಸಾರ್‌ನಷ್ಟಲ್ಲ. ಹೀಗಾಗಿ ಅಲ್ಲಿ ರೈತರ ಒಲವು ಬರ್ಸೀಮಿಗಿಂತ ಹೆಚ್ಚು ಕಾಲ ಉಳಿಯುವ ಕುದುರೆ ಮಸಾಲೆಯ ಕಡೆಗಿದೆ. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಕೇಂದ್ರೀಯ ಮೇವು ಬೀಜೋತ್ಪಾದನಾ ಕ್ಷೇತ್ರವೂ, ಧಾರವಾಡದಲ್ಲಿ ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಇವೆ.

ಮೇಯಿಸುವಾಗ ಎಚ್ಚರಿಕೆ

ಎಳೆಯ ದ್ವಿದಳ ಮೇವನ್ನು ಹಸಿದ ದನದ ಮುಂದೆ ಒಮ್ಮೆಲೇ ರಾಶಿ ಹಾಕುವುದು ಅಪಾಯಕರ. ಎಲೆಯಲ್ಲಿರುವ, ನೀರಿನಲ್ಲಿ ಬೇಗನೆ ಕರಗುವ ಪ್ರೋಟೀನು ಮೊದಲ ಹೊಟ್ಟೆಯಲ್ಲಿ ಗಟ್ಟಿ ನೊರೆಯನ್ನು ಉಂಟುಮಾಡುತ್ತದೆ. ಮೆಲುಕು ಹಾಕುವ ಪ್ರಾಣಿ ಸಾಮಾನ್ಯವಾಗಿ ತೇಗಿ ಹೊರಬಿಡುವ ಅನಿಲ ಈ ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಪಕ್ಕೆ ಉಬ್ಬಿ, ತಟ್ಟಿದರೆ ತಮಟೆಯಂತೆ ಸದ್ದಾಗುತ್ತದೆ. ದನ ಮೇವು ಬಿಟ್ಟು ಕಾಲು ಝಾಡಿಸುತ್ತದೆ, ಬಾಯಿತೆರೆದು ಉಸಿರಾಡುತ್ತದೆ. ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವುದೂ ಉಂಟು. ಒಂದೇ ಹಸುವಿದ್ದ ಮನೆಯಲ್ಲಿ ಅದು ಇಡೀ ಸಂಸಾರಕ್ಕೆ ಬಿದ್ದ ಪೆಟ್ಟು. ಇಂಥ ಲಕ್ಷಣ ಕಂಡೊಡನೆ ಪಶುವೈದ್ಯರನ್ನು ಕರೆಸಬೇಕು. ದನವನ್ನು ಮಲಗಲು ಬಿಡದೆ, ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಬೇಕು. ಖಾದ್ಯ ಎಣ್ಣೆ ನೊರೆಯನ್ನು ಒಡೆಯುತ್ತದೆ ನಿಜ. ಆದರೆ ಅವಸರದಿಂದ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವಿರುವುದರಿಂದ ಅನುಭವಿಗಳೇ ಅದನ್ನು ಕುಡಿಸಬೇಕು.

ಇದನ್ನು ತಡೆಯುವುದು ಕಷ್ಟವಲ್ಲ. ಮುಂಜಾನೆಯ ಇಬ್ಬನಿ ಆರಿದ ಮೇಲೆ ಮೇವನ್ನು ಕೊಯ್ದು, ಕೆಲವು ಗಂಟೆ ಬಾಡಲು ಬಿಡಬೇಕು. ಮೊದಲು ಸ್ವಲ್ಪ ಭತ್ತದ ಹುಲ್ಲನ್ನು ತಿನ್ನಿಸಿ, ಬಳಿಕ ಹಸಿರು ಮೇವನ್ನು ಕತ್ತರಿಸಿ ಹುಲ್ಲಿನೊಡನೆ ಬೆರೆಸಿ ಕೊಡಬೇಕು. ಹೊಸ ಮೇವನ್ನು ಒಂದೇ ದಿನದಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸದೆ, ಒಂದು ವಾರದ ಅವಧಿಯಲ್ಲಿ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಹರಿಯಾಣದ ಮನೆಗಳಲ್ಲಿ ಬರ್ಸೀಮನ್ನು ಗೋಧಿಯ ಹೊಟ್ಟಿನೊಡನೆ ಬೆರೆಸಿಯೇ ಎಮ್ಮೆಗೆ ಹಾಕುತ್ತಾರೆ. ಚೆನ್ನೈ ಸುತ್ತಲಿನ ಕೊಟ್ಟಿಗೆಗಳಲ್ಲಿ ಗೋಧಿಯ ಹೊಟ್ಟಿನ ಕೆಲಸವನ್ನು ಭತ್ತದ ಹುಲ್ಲೂ, ಬರ್ಸೀಮಿನ ಕೆಲಸವನ್ನು ಬೇಲಿ ಮಸಾಲೆಯೂ ಮಾಡಬಲ್ಲವು.